ಒಂಟಿಗಾಲಿ ಸೈಕಲ್ಲಿನ ಇಂಜಿನಿಯರು

ಚುಚ್ಚುಮದ್ದು ಎಂದರೆ ಮಕ್ಕಳು ಅಟ್ಟ ಹತ್ತಿ ಕೂರುವುದು ಎಲ್ಲ ಊರಿನ ಕಥೆ. ಉತ್ತರ ನಿಕರಾಗುವಾದ ಎಲ್ ಕುವಾ ಎಂಬ ಊರಲ್ಲಿ ಮಾತ್ರ, 1980ರ ದಶಕದಲ್ಲಿ, ಲಸಿಕೆ ಹಾಕುವ ದಿನ ಮಕ್ಕಳು ಮೆರವಣಿಗೆಯಲ್ಲಿ ಬರುತ್ತಿದ್ದರು. ಮುಂದೆ ಕೋಡಂಗಿ ವೇಷದ ಅಮೆರಿಕನ್ ಯುವಕನೊಬ್ಬ ಒಂಟಿಗಾಲಿ ಸೈಕಲ್ ತುಳಿಯುತ್ತಿದ್ದ. ಊರಿನವರು ಅವನನ್ನು ಡಾಕ್ಟರೆಂದೋ ಸರ್ಕಸ್ಸಿನವನೆಂದೋ ತಿಳಿದರೆ ತಪ್ಪಿಲ್ಲ. ಅವನು ಬಂದದ್ದು ಅಲ್ಲಿಗೆ ಕರೆಂಟು ತರಲು. ಹೆಸರು ಬೆಂಜಮಿನ್ ಲಿಂಡರ್. ಎಲ್ಲರಿಗೂ ಬೆನ್.

ನಾನು ಬರೆಯಹೊರಟಿದ್ದು ಅವನ ಹೆಸರು ಹೊತ್ತ ಸಂಸ್ಥೆಯ ಬಗ್ಗೆ. ಬೆನ್‌ನನ್ನು ದಾಟಿಕೊಂಡು ಅಲ್ಲಿಗೆ ಹೋಗುವುದು ಕಷ್ಟ, ಅದಕ್ಕೇ ಮೊದಲು ಅವನ ಮಾತು.

1959ರಲ್ಲಿ ಹುಟ್ಟಿ, ಪೋರ್ಟ್‌ಲ್ಯಾಂಡ್‌ನಲ್ಲಿ ಬೆಳೆದು, 1983ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದ. ಬೋಯಿಂಗ್ ವಿಮಾನಗಳು ತಯಾರಾಗುವ ಸೀಮೆ ಅದು. ಕೆಲಸ ಹುಡುಕಿಕೊಂಡು ದೂರ ಹೋಗುವ ಅಗತ್ಯವಿರಲಿಲ್ಲ. ಬೆನ್ ಅದೇ ವರ್ಷ ನಿಕರಾಗುವಾಕ್ಕೆ ಹೊರಟ. ಅಲ್ಲಿ 1979ರಲ್ಲಿ ಸಾಂದಿನಿಸ್ತರೆಂಬ ಕ್ರಾಂತಿಕಾರಿಗಳು ಸೊಮೋಸಾನ ಸರ್ವಾಧಿಕಾರವನ್ನು ಕಿತ್ತೊಗೆದಿದ್ದರು. ಅವರನ್ನು ಉರುಳಿಸಲು 'ಕೊಂತ್ರಾ' ಬಂಡುಕೋರರಿಗೆ ಅಮೆರಿಕದ ರೇಗನ್ ಸರ್ಕಾರ ದುಡ್ಡು, ಬಂದೂಕು ಕೊಡುತ್ತಿತ್ತು. ತನ್ನ ಸರ್ಕಾರ ಯಾರ ಮೇಲೆ ಯುದ್ಧ ಹೂಡಿತ್ತೋ ಅವರ ಮನೆಗೆ ಬಲ್ಬು ಹಾಕಲು ಹೋದವನು ಬೆನ್ ಒಬ್ಬನೇ ಅಲ್ಲ. ಅಮೆರಿಕ, ಯುರೋಪುಗಳಿಂದ ಆ ದಶಕದಲ್ಲಿ ಬಡಗಿಗಳು, ದಾದಿಯರು, ಯಂತ್ರ ರಿಪೇರಿಯವರು, ಕಂಪ್ಯೂಟರ್ ಬಲ್ಲವರು, ಏನೂ ಬಾರದಿದ್ದರೆ ಕಾಫಿ ಹಣ್ಣು ಬಿಡಿಸಲಾದರೂ ಆದೀತೆಂದವರು, ಸಾವಿರಗಟ್ಟಲೆ ಜನ ಹೋದರು.

ಬೆನ್ ಮೊದಲು ರಾಜಧಾನಿ ಮನಾಗುವಾದಲ್ಲಿ ಸರ್ಕಾರಿ ವಿದ್ಯುತ್ ಸಂಸ್ಥೆಯಲ್ಲಿ ದುಡಿದ. ಆಮೇಲೆ ಹಿನೊತೇಗ ಜಿಲ್ಲೆಯ ಎಲ್ ಕುವಾ. ಕಾಫಿ ಬೆಳೆಯುವ ಗುಡ್ಡ, ಜಿಟಿಜಿಟಿ ಮಳೆ, ಎಲ್ಲೆಲ್ಲೂ ಹಳ್ಳ. ಚಿಕ್ಕಮಗಳೂರಿನವರಿಗೆ ಅಪರಿಚಿತ ಎನಿಸುವ ಜಾಗವೇ ಅಲ್ಲ. ಯುದ್ಧ ಮಾತ್ರ ಊರಿನ ಅಂಚಿನಲ್ಲೇ ಇತ್ತು. ಅಲ್ಲಿನ ಕಿರು ಜಲವಿದ್ಯುತ್ ಘಟಕ ಕಟ್ಟುವ ತಂಡದಲ್ಲಿ ಬೆನ್ ದುಡಿದ. ಜೊತೆಗೆ ಯಂತ್ರ ನಡೆಸುವುದನ್ನು ಊರಿನವರಿಗೇ ಕಲಿಸಿದ. ನನಗೆ ಮುಖ್ಯ ಎನಿಸುವುದು ಈ ಎರಡನೆಯದು.

ಸ್ವಲ್ಪ ಲೆಕ್ಕ ಹೇಳದೆ ಮುಂದಿನದು ಅರ್ಥವಾಗದು. ಹಳ್ಳದಿಂದ ಎಷ್ಟು ಕರೆಂಟು ಸಿಗುತ್ತದೆ ಎಂಬುದು ಎರಡೇ ಸಂಗತಿಗೆ ಕಟ್ಟುಬಿದ್ದಿದೆ: ನೀರು ಎಷ್ಟು, ಬೀಳುವ ಎತ್ತರ ಎಷ್ಟು. ಸೆಕೆಂಡಿಗೆ 100 ಲೀಟರ್ ನೀರು 50 ಮೀಟರ್ ಕೆಳಗೆ ಬಿದ್ದರೆ ಲೆಕ್ಕಕ್ಕೆ 49 ಕಿಲೋವಾಟ್; ಕೊಳವೆ, ಟರ್ಬೈನು, ಜನರೇಟರುಗಳು ತಮ್ಮ ಪಾಲು ತಿಂದ ಮೇಲೆ ಉಳಿಯುವುದು ಸುಮಾರು 30. ಎತ್ತರ ಅಳೆಯುವುದು ಸುಲಭ. ನೀರು ಅಳೆಯಲು ಹಳ್ಳಕ್ಕೆ ಅಡ್ಡಲಾಗಿ ಪುಟ್ಟ ಒಡ್ಡು ಕಟ್ಟಿ, ಅದರ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂದು ನೋಡಬೇಕು. ಮಳೆಗಾಲದಲ್ಲಿ ಅಳೆದರೆ ಹಳ್ಳ ಸುಳ್ಳು ಹೇಳುತ್ತದೆ. ಒಣ ಕಾಲದ ಕೊನೆಯಲ್ಲಿ, ನೀರು ತೀರಾ ಇಳಿದಾಗ ಸಿಗುವ ಅಂಕಿಯನ್ನೇ ನಂಬಬೇಕು. ನಿಕರಾಗುವಾದಲ್ಲಿ ಒಣ ಕಾಲ ಮುಗಿಯುವುದು ಏಪ್ರಿಲ್ ಕೊನೆಗೆ.

1987ರ ಏಪ್ರಿಲ್ 28. ಎಲ್ ಕುವಾ ಆಗಲೇ ಬೆಳಗಿತ್ತು. ಮುಂದಿನ ಊರು ಸಾನ್ ಹೊಸೆ ದೆ ಬೊಕಾಯ್. ಅಲ್ಲಿನ ಹಳ್ಳವೊಂದರ ನೀರು ಅಳೆಯಲು ಬೆನ್ ಮತ್ತು ಸಂಗಡಿಗರು ಕಾಡಿಗೆ ಹೋಗಿದ್ದರು. ಕಾಲ ಅಂಥದ್ದು, ತಂಡದ ಬಳಿ ಬಂದೂಕುಗಳೂ ಇದ್ದವು. ಹೊಂಚು ಹಾಕಿದ್ದ ಕೊಂತ್ರಾಗಳು ದಾಳಿ ಮಾಡಿದರು. ಸೆರ್ಹಿಯೊ ಎರ್ನಾಂದೆಸ್, ಪಾಬ್ಲೊ ರೊಸಾಲೆಸ್ ಎಂಬ ಇಬ್ಬರು ನಿಕರಾಗುವಾದವರೂ ಬೆನ್ನೂ ಸತ್ತರು. ಗಾಯಗೊಂಡಿದ್ದ ಬೆನ್‌ನ ತಲೆಗೆ ತೀರಾ ಹತ್ತಿರದಿಂದ ಗುಂಡು ಹೊಡೆದಿದ್ದರೆಂದು ಮರಣೋತ್ತರ ಪರೀಕ್ಷೆ ಹೇಳಿತು. ವಯಸ್ಸು 27. ಮಣ್ಣು ಮಾಡಿದ್ದು ಮತಗಾಲ್ಪದಲ್ಲಿ. ಅಧ್ಯಕ್ಷ ದಾನಿಯೆಲ್ ಒರ್ತೇಗ ಶವಯಾತ್ರೆಗೆ ಬಂದಿದ್ದರು. ಅಮೆರಿಕದಲ್ಲಿ ಬೆನ್‌ನ ತಾಯಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಲು ಹೋದರೆ, ದುಃಖವನ್ನು ರಾಜಕೀಯಕ್ಕೆ ಬಳಸುತ್ತಿದ್ದೀರಿ ಎಂದು ಅವರಿಗೇ ಹೇಳುವವರೂ ಅಲ್ಲಿ ಕುಳಿತಿದ್ದರು. ಹೆತ್ತವಳ ಮುಂದೆ ಆಡುವ ಮಾತೇ ಅದು?

ಇನ್ನು ಸಂಸ್ಥೆ. ಸ್ಪ್ಯಾನಿಷ್‌ನಲ್ಲಿ ಹೆಸರು ಉದ್ದ. ಗ್ರಾಮಾಭಿವೃದ್ಧಿ ಕಾರ್ಮಿಕರ ಬೆಂಜಮಿನ್ ಲಿಂಡರ್ ಸಂಘ ಎನ್ನಬಹುದು. ಚಿಕ್ಕದಾಗಿ ಅಟ್‌ಡೆರ್-ಬಿಎಲ್. ಬೆನ್‌ನ ಮನೆಯವರೂ ಗೆಳೆಯರೂ ಊರೂರು ತಿರುಗಿ ಹಣ ಕೂಡಿಸಿದರು. ರೆಬೆಕಾ ಲೀಫ್ ಎಂಬ ಅಮೆರಿಕನ್ ಇಂಜಿನಿಯರು ಅಲ್ಲೇ ನಿಂತು ಕೆಲಸ ಮುಂದುವರಿಸಿದರು. 1990ರ ಚುನಾವಣೆಯಲ್ಲಿ ಸಾಂದಿನಿಸ್ತರು ಸೋತು, ಹೊರಗಿಂದ ಬಂದ ಬಹುಪಾಲು ಜನ ಗಂಟುಮೂಟೆ ಕಟ್ಟಿದ ಮೇಲೂ ಈ ಸಂಘ ಕದಲಲಿಲ್ಲ. ಬೊಕಾಯ್ ಘಟಕ 1994ರಲ್ಲಿ ಮುಗಿಯಿತು. ಆಮೇಲೆ ಹಳ್ಳಿಹಳ್ಳಿಗೆ ಸಣ್ಣ ಘಟಕಗಳು. ಎಲ್ ಬೋತೆಯಲ್ಲಿ ಸುಮಾರು 900 ಕಿಲೋವಾಟಿನ ದೊಡ್ಡದೊಂದು. ಎಲ್ ಕುವಾದ ವರ್ಕ್‌ಶಾಪಿನಲ್ಲಿ ಪೆಲ್ಟನ್ ಟರ್ಬೈನ್ ತಯಾರಿಸುವುದನ್ನೂ ಕಲಿತರು. ಪೆಲ್ಟನ್ ಎಂದರೆ ಚಕ್ರದ ಸುತ್ತ ಜೋಡಿಸಿದ ಬಟ್ಟಲುಗಳಿಗೆ ನೀರಿನ ಚಿಮ್ಮು ಬಡಿದು ತಿರುಗುವ ಯಂತ್ರ. ಹಳ್ಳ ಬತ್ತಿದರೆ ಕರೆಂಟೂ ಇಲ್ಲವಾದ್ದರಿಂದ ಸಂಘಕ್ಕೆ ಮೇಲಿನ ಗುಡ್ಡದ ಕಾಡು ಕಾಯುವುದೂ ಒಂದು ಕೆಲಸವಾಯಿತು.

ಹೊರದೇಶಕ್ಕೆ ಸೇವೆಗೆಂದು ಹೋಗುವುದು ಈಗ ಪ್ಯಾಕೇಜಿನಲ್ಲಿ ಸಿಗುತ್ತದೆ. ಎರಡು ವಾರ, ಗೋಡೆಗೊಂದು ಬಣ್ಣ, ಮಕ್ಕಳ ಜೊತೆ ಫೋಟೊ. ನಾಲ್ಕು ವರ್ಷ ಅಲ್ಲೇ ಇದ್ದು, ಅವರ ಭಾಷೆಯಲ್ಲಿ ಮಾತಾಡಿ, ಸ್ಪ್ಯಾನರನ್ನು ಅವರ ಕೈಗೇ ಕೊಡುವವನಿಗೆ ಬ್ರೋಷರಿನಲ್ಲಿ ಜಾಗ ಕಡಿಮೆ.

ನಮ್ಮ ಮಲೆನಾಡಿನಲ್ಲೂ ಇಂಥ ಯಂತ್ರಗಳುಂಟು. ಚಾರ್ಮಾಡಿ ಸುತ್ತ, ಮೂಡಿಗೆರೆ, ಕೊಡಗು, ಉತ್ತರ ಕನ್ನಡದ ಕೆಲವು ತೋಟಗಳಲ್ಲಿ ಒಂದೆರಡು ಕಿಲೋವಾಟಿನ ಟರ್ಬೈನುಗಳು ಮನೆ ಬೆಳಗಿವೆ. ತಂತಿ ಎಳೆದು ಸರ್ಕಾರಿ ಕರೆಂಟು ಬಂದಲ್ಲಿ ಕೆಲವು ಮೂಲೆಗೆ ಸೇರಿವೆ, ಕೆಲವಕ್ಕೆ ರಿಪೇರಿ ಬಲ್ಲವರಿಲ್ಲ. ಇಂಜಿನಿಯರಿಂಗ್ ಕಾಲೇಜಿರುವ ಸುರತ್ಕಲ್ಲಿನಿಂದ ಚಾರ್ಮಾಡಿ ಹೆಚ್ಚು ದೂರವೇನಲ್ಲ, ವೀಸಾ ಬೇಕಿಲ್ಲ. ಘಟ್ಟದ ಹಳ್ಳಗಳನ್ನು ಅಳೆಯಬೇಕಾದದ್ದೂ ಏಪ್ರಿಲ್, ಮೇ ತಿಂಗಳಲ್ಲೇ. ನಮ್ಮ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಆಗ ಪರೀಕ್ಷೆ.