ಸಿಗ್ನಲ್ ಸಿಗದ ಊರಿಗೆ ಎಂಥ ಫೋನು?

ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಯಾವುದಾದರೂ ಮೊಬೈಲ್ ಅಂಗಡಿಗೆ ಹೋಗಿ, ‘ಹದಿನೈದು ಸಾವಿರದೊಳಗೆ ಒಂದು ಫೋನ್ ತೋರ್ಸು’ ಅನ್ನಿ. ಹುಡುಗ ಮೊದಲು ಮೆಗಾಪಿಕ್ಸೆಲ್ ಹೇಳುತ್ತಾನೆ. ಆಮೇಲೆ ರ‍್ಯಾಮ್, ಆಮೇಲೆ 5ಜಿ, ಕೊನೆಗೆ ತಿಂಗಳ ಕಂತು. ಅವನದೇನೂ ತಪ್ಪಿಲ್ಲ, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದೂ ಅದನ್ನೇ. ಆದರೆ ಗಿರಾಕಿ ಬಂದಿರುವುದು ಗುಡ್ಡದಾಚೆಯ ಹಳ್ಳಿಯಿಂದ. ಅವರ ಪ್ರಶ್ನೆ ಒಂದೇ: ‘ಅದೆಲ್ಲ ಇರ್ಲಿ ಮಾರಾಯ, ನಮ್ಮನೇಲಿ ಇದಕ್ಕೆ ಸಿಗ್ನಲ್ ಸಿಕ್ತದಾ?’ ಇದಕ್ಕೆ ಉತ್ತರ ಡಬ್ಬಿಯ ಯಾವ ಮಗ್ಗುಲಲ್ಲೂ ಇಲ್ಲ.

ಫೋನ್ ಆರಿಸುವ ಮಾತಿಗೆ ಮಲೆನಾಡಿನ ಅಡಿಕೆ ತೋಟದ ಮನೆಯನ್ನೇ ಹಿಡಿದುಕೊಂಡದ್ದಕ್ಕೆ ಕಾರಣವಿದೆ. ಫೋನಿನ ಹುಳುಕೆಲ್ಲ ಇಲ್ಲಿ ಬೇಗ ಹೊರಬೀಳುತ್ತದೆ. ನಾಲ್ಕು ತಿಂಗಳ ಮಳೆ, ಹೇಳದೇ ಕೇಳದೇ ಹೋಗುವ ಕರೆಂಟು, ಗುಡ್ಡದ ಹಿಂದೆ ಅಡಗಿದ ಟವರು, ಕೈಗೆಟುಕದ ಸರ್ವಿಸ್ ಸೆಂಟರು. ಇಲ್ಲಿ ಮೂರು ವರ್ಷ ಬಾಳಿದ ಫೋನು ದಾವಣಗೆರೆಯಲ್ಲೂ ಬಾಳುತ್ತದೆ, ಬೆಂಗಳೂರಿನಲ್ಲೂ ಬಾಳುತ್ತದೆ. ನನ್ನ ಮಟ್ಟಿಗೆ ಜಾಹೀರಾತು ಕೂಗಿ ಹೇಳುವ ಗುಣಗಳಿಗಿಂತ ಅದು ಹೇಳದೇ ಬಿಟ್ಟ ಗುಣಗಳೇ ದಿನನಿತ್ಯದ ಸುಖದುಃಖವನ್ನು ತೀರ್ಮಾನಿಸುವುದು.

ಮೊದಲು ಸಿಗ್ನಲ್ಲಿನ ಮಾತೇ ಆಗಲಿ. ಈಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಫೈಬರ್ ಇಂಟರ್ನೆಟ್ ಇದೆ; ಕಂಬದಿಂದ ಕಂಬಕ್ಕೆ ಜೋತುಬಿದ್ದು ಕಪ್ಪು ವೈರು ಒಳಗೆ ಬಂದಿರುತ್ತದೆ. ವಾಟ್ಸ್‌ಆ್ಯಪ್ ನಡೆಯುತ್ತದೆ, ಮಾಮೂಲಿ ಕರೆ ಬರುವುದಿಲ್ಲ. ಬ್ಯಾಂಕಿನ ಒಟಿಪಿ ಬರಬೇಕೆಂದರೆ ಅಂಗಳ ದಾಟಿ ಗುಡ್ಡ ಹತ್ತಬೇಕು. ಇಂಥ ಮನೆಗೆ ಬೇಕಾದದ್ದು ವೈಫೈ ಕಾಲಿಂಗ್ ಎಂಬ ಸೌಲಭ್ಯ. ಕರೆ ಟವರಿನ ಬದಲು ಮನೆಯ ವೈಫೈ ಮೂಲಕ ಕಂಪನಿಯನ್ನು ಮುಟ್ಟುತ್ತದೆ. ನಂಬರ್ ನಿಮ್ಮದೇ, ಆ ತುದಿಯವರ ಫೋನಿನಲ್ಲಿ ಏನೂ ಇರಬೇಕಾಗಿಲ್ಲ, ಹೆಚ್ಚಿನ ದರವೂ ಇಲ್ಲ. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ ಶುರುಮಾಡಿತು, ಜಿಯೋ 2020ರ ಜನವರಿಯಲ್ಲಿ. ಬಿಎಸ್‌ಎನ್‌ಎಲ್ ಕೂಡ ಈಚೆಗೆ ಈ ಸಾಲಿಗೆ ಸೇರಿದೆ. ಎಲ್ಲ ಫೋನೂ ಎಲ್ಲ ಕಂಪನಿಯ ಜತೆ ಹೊಂದುವುದಿಲ್ಲ ಎಂಬುದೇ ತೊಡಕು. ಅಂಗಡಿಯಲ್ಲೇ ಪರೀಕ್ಷಿಸಬಹುದು. ನಿಮ್ಮ ಸಿಮ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಏರ್‌ಪ್ಲೇನ್ ಮೋಡ್ ಒತ್ತಿ, ಮತ್ತೆ ವೈಫೈ ಮಾತ್ರ ಹಚ್ಚಿ, ಮನೆಗೊಂದು ಫೋನ್ ಮಾಡಿ. ರಿಂಗಾದರೆ ಅರ್ಧ ಆಯ್ಕೆ ಮುಗಿದಂತೆ. ಅಂಗಡಿಯವನು ಡೆಮೊ ಫೋನಿಗೆ ಸಿಮ್ ಹಾಕಲು ಬಿಡದಿದ್ದರೆ ಪಕ್ಕದ ಅಂಗಡಿಗೆ ನಡೆಯುವುದೇ ಲೇಸು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಫೋನ್ ಮಾರುವವರಿಗೆ ರುಚಿಸದು. ಕರೆಂಟು ಹೋದರೆ ಮೋಡೆಮ್ ಸತ್ತು ವೈಫೈ ಕಾಲಿಂಗೂ ಸಾಯುತ್ತದೆ. ಹಾಗಾಗಿ ಹದಿನೇಳು ಸಾವಿರದ ಫೋನಿನ ಬದಲು ಹದಿನೈದರದ್ದು ಕೊಂಡು, ಉಳಿದ ದುಡ್ಡಿಗೆ ಮೋಡೆಮ್‌ಗೊಂದು ಪುಟ್ಟ ಯುಪಿಎಸ್ ತಂದರೆ ಜುಲೈ ತಿಂಗಳಿನಲ್ಲಿ ಅದೇ ನಿಮ್ಮನ್ನು ಕಾಯುತ್ತದೆ.

ಇನ್ನು 5ಜಿ. ದೇಶದಲ್ಲಿ ಅದು ಶುರುವಾದದ್ದು 2022ರ ಅಕ್ಟೋಬರ್ 1ರಂದು. 5ಜಿ ಎಂದರೆ ಒಂದೇ ಬಗೆಯದ್ದಲ್ಲ. 3,300 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ವೇಗ ಕೊಡುತ್ತವೆ, ಆದರೆ ಗೋಡೆ, ಮರ, ಗುಡ್ಡ ಅಡ್ಡ ಬಂದರೆ ಸೋಲುತ್ತವೆ. 700 ಮೆಗಾಹರ್ಟ್ಸ್ ಅಲೆಗಳು ವೇಗದಲ್ಲಿ ಹಿಂದೆ, ದೂರ ಸಾಗುವುದರಲ್ಲಿ ಮುಂದೆ. 2022ರ ಹರಾಜಿನಲ್ಲಿ ಈ 700ರ ಪಟ್ಟಿಯನ್ನು ಕೊಂಡದ್ದು ಜಿಯೋ ಒಂದೇ. ಬಿಎಸ್‌ಎನ್‌ಎಲ್‌ಗೂ ಸರ್ಕಾರ ಅದರಲ್ಲಿ ಪಾಲು ಕೊಟ್ಟಿದೆ. ಫೋನಿನ ವಿವರಪಟ್ಟಿಯಲ್ಲಿ ಇದಕ್ಕೆ 5ಜಿಗೆ ಎನ್28, 4ಜಿಗೆ ಬಿ28 ಎಂಬ ಗುರುತು ಇರುತ್ತದೆ. ಹೊಸ 5ಜಿ ಫೋನುಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದೇ, ಆದರೆ ಹಳೆಯ ಅಗ್ಗದ 4ಜಿ ಫೋನುಗಳಲ್ಲಿ ಕೆಲವಕ್ಕೆ ಇಲ್ಲ. ಊರಿನಲ್ಲಿ ಬಿಎಸ್‌ಎನ್‌ಎಲ್ ಒಂದೇ ದಿಕ್ಕು ಎನ್ನುವವರು ಇದನ್ನು ನೋಡದೆ ದುಡ್ಡು ಬಿಚ್ಚಬಾರದು. ಎರಡು ಸಿಮ್ ಬೇರೆ ಬೇರೆ ಕಂಪನಿಯದಿರಲಿ. ಮೆಮೊರಿ ಕಾರ್ಡ್ ಹಾಕಿದರೆ ಎರಡನೆಯ ಸಿಮ್‌ಗೆ ಜಾಗವೇ ಇಲ್ಲದ ಟ್ರೇಗಳೂ ಉಂಟು. ಪಿನ್ ಚುಚ್ಚಿ ಟ್ರೇ ಹೊರಗೆಳೆದು ನೋಡಿದರೆ ತಿಳಿಯುತ್ತದೆ.

ಸಿಗ್ನಲ್ಲಿಗೂ ಬ್ಯಾಟರಿಗೂ ನಂಟಿದೆ. ಟವರು ದೂರವಾದಷ್ಟೂ ಫೋನು ಜೋರಾಗಿ ಕೂಗಬೇಕು, ಹೆಚ್ಚು ಶಕ್ತಿ ಸುರಿಯಬೇಕು. ಶಿವಮೊಗ್ಗದಲ್ಲಿ ಒಂದೂವರೆ ದಿನ ಬರುವ 5,000 ಎಂಎಎಚ್ ಬ್ಯಾಟರಿ ಹಳ್ಳಿಯಲ್ಲಿ ಸಂಜೆಯೊಳಗೆ ಮಲಗುವುದು ಇದಕ್ಕೇ; ಬ್ಯಾಟರಿ ಕೆಟ್ಟಿರುವುದಿಲ್ಲ. ಮನೆಯೊಳಗೆ ವೈಫೈ ಕಾಲಿಂಗ್ ನೆಚ್ಚಿಕೊಂಡರೆ ಅದೇ ಬ್ಯಾಟರಿ ಚೇತರಿಸಿಕೊಳ್ಳುತ್ತದೆ. ಸಿಲಿಕಾನ್-ಕಾರ್ಬನ್ ಎಂಬ ಹೊಸ ಬಗೆಯ ಬ್ಯಾಟರಿ ಬಂದ ಮೇಲೆ ಅದೇ ದಪ್ಪದ ಫೋನಿನಲ್ಲಿ 6,000, 7,000 ಎಂಎಎಚ್ ಹಿಡಿಸುತ್ತಿದೆ. ತೋಟದ ಮನೆಯವರಿಗೆ ಕ್ಯಾಮೆರಾಕ್ಕಿಂತ ಇದು ದೊಡ್ಡ ಸುದ್ದಿ ಎಂದೇ ನನ್ನ ಎಣಿಕೆ.

ಮಳೆಗೆ ಬರೋಣ. ಐಪಿ ಎಂಬ ಎರಡಕ್ಷರದ ಮುಂದಿನ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಎಂದರೆ ಚಿಮುಕಿಸಿದ ನೀರು ತಡೆದೀತು. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. 68 ಅದಕ್ಕೂ ಮೇಲೆ. ಪರೀಕ್ಷೆ ನಡೆಯುವುದು ಹೊಸ ಫೋನಿಗೆ, ಶುದ್ಧ ನೀರಿನಲ್ಲಿ. ಒಂದು ಸಲ ಕೆಳಗೆ ಬಿದ್ದು ಅಂಚು ಬಿಟ್ಟ ಫೋನಿಗೆ, ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಸಿಡಿದ ಫೋನಿಗೆ ಆ ಅಂಕೆಯ ಭರವಸೆ ಇಲ್ಲ. ತಮಾಷೆಯೆಂದರೆ ಐಪಿ ಅಂಕೆಯನ್ನು ಜಾಹೀರಾತಿನಲ್ಲಿ ಮೆರೆಸುವ ಕಂಪನಿಗಳಲ್ಲಿ ಬಹುಪಾಲು ನೀರಿನಿಂದಾದ ಹಾನಿಯನ್ನು ವಾರಂಟಿಯಿಂದ ಹೊರಗಿಡುತ್ತವೆ. ಆದ್ದರಿಂದ ಜೇಬಿನಲ್ಲೊಂದು ಪ್ಲಾಸ್ಟಿಕ್ ಕೊಟ್ಟೆ ಇದ್ದೇ ಇರಲಿ.

ಬೆರಳಚ್ಚಿನ ಗೋಳು ಬೇರೆ. ಅಡಿಕೆ ಸುಲಿದು ಚೊಗರು ಹತ್ತಿದ, ಕತ್ತಿಯ ಗೀರು ಬಿದ್ದ ಹೆಬ್ಬೆರಳನ್ನು ಪರದೆಯ ಅಡಿಯ ಸೆನ್ಸರ್ ಗುರುತಿಸಲು ತಿಣುಕುತ್ತದೆ. ಒದ್ದೆಯಾದರೆ ಮುಗಿದೇ ಹೋಯಿತು. ಪಕ್ಕದ ಪವರ್ ಬಟನ್ನಿನಲ್ಲೇ ಇರುವ ಸೆನ್ಸರ್ ಸ್ವಲ್ಪ ಮೇಲು. ಒಂದೇ ಹೆಬ್ಬೆರಳನ್ನು ಎರಡೆರಡು ಸಲ ನೋಂದಾಯಿಸಿಟ್ಟರೆ ಇನ್ನೂ ಮೇಲು.

ಪರದೆಯನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ನೋಡಿ ಮರುಳಾಗಬೇಡಿ. ಮಧ್ಯಾಹ್ನದ ಹೊತ್ತು ಹೋಗಿ, ಫೋನನ್ನು ಅಂಗಡಿಯ ಮೆಟ್ಟಿಲಿಗೆ ತಂದು ಬಿಸಿಲಿಗೆ ಹಿಡಿಯಿರಿ. ರಾಜ್ಯ ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ 2020ರಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಬೆಳೆಯ ಫೋಟೋ ಏರಿಸುತ್ತಿದ್ದಾರೆ. ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರ್ ಕಾಣುತ್ತದೆ. ಎರಡನ್ನೂ ಬಿಸಿಲಿನಲ್ಲೇ ನೋಡಬೇಕು, ಎರಡಕ್ಕೂ ಜಿಪಿಎಸ್ ಸರಿಯಿರಬೇಕು. ಅಡಿಕೆ ಸೋಗೆಯ ಚಪ್ಪರದಡಿ ಉಪಗ್ರಹದ ಸಂಕೇತ ಸೊರಗುತ್ತದೆ, ನಿಂತದ್ದು ನಮ್ಮ ತೋಟ, ತೋರಿಸುವುದು ನೆರೆಯವರ ಗದ್ದೆ. ಎಲ್1, ಎಲ್5 ಎಂಬ ಎರಡೂ ತರಂಗಗಳನ್ನು ಹಿಡಿಯುವ ಫೋನು ಇಲ್ಲಿ ಎಡವುವುದು ಕಡಿಮೆ. ಇಸ್ರೋದ ನಾವಿಕ್ ಉಪಗ್ರಹಗಳ ಸಂಕೇತವೂ ಎಲ್5ರಲ್ಲಿ ಬರುತ್ತದೆ.

ಕ್ಯಾಮೆರಾದ ವಿಷಯದಲ್ಲಿ ಅಂಕೆಯ ಮೋಸ ದೊಡ್ಡದು. 50 ಮೆಗಾಪಿಕ್ಸೆಲ್ ಫೋನು ಮಾಮೂಲಾಗಿ ತೆಗೆಯುವುದು ಹನ್ನೆರಡೂವರೆ ಮೆಗಾಪಿಕ್ಸೆಲ್ ಚಿತ್ರ; ನಾಲ್ಕು ನಾಲ್ಕು ಚುಕ್ಕಿ ಕೂಡಿಸಿ ಒಂದು ಮಾಡುತ್ತದೆ. ಅದು ಒಳ್ಳೆಯದೇ, ಮಬ್ಬು ಬೆಳಕಿನಲ್ಲಿ ಚಿತ್ರ ಸುಧಾರಿಸುತ್ತದೆ. ಆದರೆ ಅಗ್ಗದ ಫೋನುಗಳ ಹಿಂದೆ ಸಾಲಾಗಿ ಕೂತ ಮೂರು ಕಣ್ಣುಗಳಲ್ಲಿ ಎಷ್ಟೋ ಸಲ ಎರಡು ಬರೀ 2 ಮೆಗಾಪಿಕ್ಸೆಲ್ಲಿನವು, ಅಲಂಕಾರಕ್ಕೆ. ಎಲೆಚುಕ್ಕೆ ರೋಗ ತಗುಲಿದ ಗರಿಯ ಫೋಟೋವನ್ನು ತೋಟಗಾರಿಕೆ ಇಲಾಖೆಯವರಿಗೆ ಕಳಿಸಬೇಕಾದಾಗ ಅವುಗಳಲ್ಲಿ ಹತ್ತಿರದ ಚಿತ್ರಕ್ಕೆಂದು ಇಟ್ಟ ಮ್ಯಾಕ್ರೋ ಕಣ್ಣನ್ನು ನಂಬಬೇಡಿ. ಮುಖ್ಯ ಕ್ಯಾಮೆರಾದಲ್ಲೇ ಒಂದಡಿ ದೂರದಿಂದ ಎರಡು ಪಟ್ಟು ಹಿಗ್ಗಿಸಿ ತೆಗೆದರೆ ಚುಕ್ಕೆ ಸ್ಪಷ್ಟ ಬರುತ್ತದೆ. ಅಂಗಡಿಯಲ್ಲಿ ಪರೀಕ್ಷೆಗೆ ನಿಮ್ಮ ಪಹಣಿಯ ಹಾಳೆಯೊಂದು ಸಾಕು. ಮೂಲೆಯ ಸಣ್ಣ ಅಕ್ಷರವೂ ಓದಲು ಬಂದರೆ ದಿನಬಳಕೆಗೆ ಆ ಕ್ಯಾಮೆರಾ ಧಾರಾಳವಾಯಿತು.

ರ‍್ಯಾಮ್‌ನಲ್ಲೂ ಅಂಥದೇ ಕೈಚಳಕ. ‘12 ಜಿಬಿ’ ಎಂದು ಬರೆದಿದ್ದರೆ ಕೆಳಗೆ ಇರುವೆಯಕ್ಷರದಲ್ಲಿ 6+6 ಎಂದಿದೆಯೇ ನೋಡಿ. ಎರಡನೆಯ ಆರು ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಕಡ ತಂದದ್ದು. ಅದಕ್ಕಿಂತ ಸ್ಟೋರೇಜು ಯಾವ ಜಾತಿಯದು ಎಂದು ಕೇಳಿ: ಇಎಂಎಂಸಿ ನಿಧಾನ, ಯುಎಫ್ಎಸ್ ಚುರುಕು. ಎರಡು ವರ್ಷದ ಮೇಲೆ ಫೋನು ತಡವರಿಸುವುದು ಮುಖ್ಯವಾಗಿ ಇಲ್ಲೇ. 64 ಜಿಬಿ ಫೋನ್ ಕೊಳ್ಳುವ ಕಾಲ ಮುಗಿಯಿತು. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನ ಶುಭೋದಯಗಳೇ ಅದನ್ನು ತುಂಬಿಸಿಬಿಡುತ್ತವೆ.

ಎಲ್ಲಕ್ಕಿಂತ ಕಡಿಮೆ ಕೇಳುವ, ಎಲ್ಲಕ್ಕಿಂತ ಹೆಚ್ಚು ಕೇಳಬೇಕಾದ ಪ್ರಶ್ನೆ: ಇದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ? ಹಾಲಿನ ಡೇರಿಯ ಲೆಕ್ಕದಿಂದ ಮಂಡಿಯ ಪಟ್ಟಿವರೆಗೆ ದುಡ್ಡೆಲ್ಲ ಯುಪಿಐ ಮೇಲೆ ಓಡಾಡುವ ಕಾಲದಲ್ಲಿ ಫೋನೇ ಮನೆಯ ತಿಜೋರಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಂಥ ದುಬಾರಿ ಫೋನುಗಳಿಗೆ ಏಳು ವರ್ಷದ ಮಾತು ಕೊಟ್ಟಿದ್ದಾರೆ. ಅಗ್ಗದವುಗಳಲ್ಲಿ ಕೆಲವಕ್ಕೆ ಎರಡು, ಕೆಲವಕ್ಕೆ ನಾಲ್ಕು, ಅಪರೂಪಕ್ಕೆ ಆರು. ಈ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಮಾರುಕಟ್ಟೆಗೆ ಇಳಿದ ದಿನದಿಂದ. ದಸರೆಯ ಆಫರಿನಲ್ಲಿ ನಾಲ್ಕು ಸಾವಿರ ಇಳಿಸಿ ಕೊಡುವ ಫೋನು ಎರಡು ವರ್ಷ ಹಳೆಯ ಮಾದರಿಯಾದರೆ, ಇಳಿದದ್ದು ಬೆಲೆಯೊಂದೇ ಅಲ್ಲ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ: ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಸಿಗಬೇಕು, 800 ಸಲ ಚಾರ್ಜ್ ಆದ ಮೇಲೂ ಬ್ಯಾಟರಿಯಲ್ಲಿ ಶೇ 80ರಷ್ಟು ಕಸುವು ಉಳಿದಿರಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ, ನಾವೇ ಕೇಳಿ ತಿಳಿಯಬೇಕು.

ಬೆಂಗಳೂರಿನ ಮಗ ಹೊಸ ಫೋನ್ ಕೊಂಡಾಗ ಹಳೆಯದನ್ನು ಊರಿನ ಅಪ್ಪನಿಗೆ ದಾಟಿಸುವುದು ಈಗ ಮಲೆನಾಡಿನ ಮನೆಮನೆಯ ರೂಢಿ. ಪ್ರೀತಿಯೇನೋ ಸರಿ. ಆದರೆ ನಾಲ್ಕು ವರ್ಷ ಬಳಸಿದ ಆ ದುಬಾರಿ ಫೋನಿನ ಬ್ಯಾಟರಿ ಸೊರಗಿರುತ್ತದೆ, ಅಪ್‌ಡೇಟ್ ನಿಂತಿರುತ್ತದೆ, ಅದರ ಮೇಲೆ ಅಪ್ಪನ ಬ್ಯಾಂಕ್ ಖಾತೆ ಕೂರುತ್ತದೆ. ಬಳುವಳಿ ಕೊಡುವುದಿದ್ದರೆ ಬ್ಯಾಟರಿ ಬದಲಿಸಿ, ಅಪ್‌ಡೇಟ್ ಬಾಕಿ ಇದೆಯೇ ನೋಡಿ ಕೊಡಲಿ; ಇಲ್ಲದಿದ್ದರೆ ಹತ್ತು ಸಾವಿರದ ಹೊಸ ಫೋನೇ ವಾಸಿ. ಆ ಮಗ ಬೈಕಿನ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿಕೊಂಡು ಓಡಾಡುವವನಾಗಿದ್ದರೆ ಕ್ಯಾಮೆರಾವನ್ನೂ ಒಮ್ಮೆ ತೆರೆದು ನೋಡಬೇಕು. ಬೈಕ್ ಎಂಜಿನ್ನಿನ ನಡುಕ ತನ್ನ ಫೋನಿನ ಕ್ಯಾಮೆರಾದ ಸ್ಥಿರತೆಯ ವ್ಯವಸ್ಥೆಯನ್ನು ಕೆಡಿಸಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ಅಮ್ಮನ ಫೋನಾದರೆ ಅಂಗಡಿಯಲ್ಲೇ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರವನ್ನು ಅತಿ ದೊಡ್ಡದಕ್ಕೆ ಏರಿಸಿ ನೋಡಿ. ಭಾರತದಲ್ಲಿ ಮಾರುವ ಫೋನುಗಳಲ್ಲಿ ಎಲ್ಲ 22 ಭಾಷೆಗಳನ್ನೂ ಓದಲು ಬರಬೇಕೆಂಬ ನಿಯಮವೇನೋ ಇದೆ. ಆದರೆ ಗಾತ್ರ ಹೆಚ್ಚಿಸಿದೊಡನೆ ಒತ್ತಕ್ಷರದ ಬಾಲ ಕತ್ತರಿಸಿಹೋಗುವ ಫೋನುಗಳೂ ಉಂಟು. ಗೂಗಲ್‌ನ ಧ್ವನಿ ಟೈಪಿಂಗ್‌ಗೆ 2017ರಲ್ಲೇ ಕನ್ನಡ ಬಂದಿದೆ. ಮೈಕ್ ಗುರುತು ಒತ್ತಿ ‘ಅತ್ತಿಗೆ, ನಾಳೆ ಬಸ್ಸಿಗೆ ಬರ್ತೀವಿ’ ಎಂದು ಅಮ್ಮನೇ ಅಂದು ನೋಡಲಿ. ಅಂಗಡಿಯ ಗದ್ದಲದಲ್ಲೂ ಸರಿಯಾಗಿ ಬರೆದುಕೊಂಡರೆ ಆ ಮೈಕ್ ಚೆನ್ನಾಗಿದೆ.

ಕೊಳ್ಳುವ ಮುನ್ನ ಸರ್ವಿಸ್ ಸೆಂಟರ್ ಶಿವಮೊಗ್ಗದಲ್ಲಿದೆಯೋ, ಬೆಂಗಳೂರಿಗೇ ಕಳಿಸಬೇಕೋ ವಿಚಾರಿಸಿ. ಸಾಗರದಿಂದ ಶಿವಮೊಗ್ಗವೇ 70 ಕಿಲೋಮೀಟರಿನ ಹಾದಿ. ಪರದೆ ಒಡೆದರೆ ಎಷ್ಟಾಗುತ್ತದೆಂದೂ ಕೇಳಿಬಿಡಿ. ಅಂಚು ಬಾಗಿದ ಪರದೆಯಾದರೆ ಉತ್ತರ ಕೇಳಿ ಮನಸ್ಸು ಬದಲಾದೀತು. ಬಡ್ಡಿಯಿಲ್ಲದ ಕಂತು ಎಂದರೆ ಹಿಗ್ಗಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿ ಬೆಲೆಯೊಳಗೆ ಕೂತಿರುತ್ತದೆ, ಇಲ್ಲವೇ ಪ್ರೊಸೆಸಿಂಗ್ ಶುಲ್ಕದ ವೇಷ ಹಾಕಿರುತ್ತದೆ. ‘ಪೂರ್ತಿ ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತಿ?’ ಎಂದು ಕೇಳಿದಾಗ ಬೆಲೆ ಇಳಿದರೆ ಬಡ್ಡಿ ಎಷ್ಟಿತ್ತೆಂದು ಗೊತ್ತಾಯಿತಲ್ಲ.

ಬಿಲ್ ಬೇಡ ಅಂದರೆ ಐನೂರು ಕಮ್ಮಿ ಎಂದು ಆಸೆ ತೋರಿಸುವವರಿದ್ದಾರೆ. ಫೋನಿನ ಮೇಲೆ 2020ರ ಏಪ್ರಿಲ್‌ನಿಂದ ಶೇ 18 ಜಿಎಸ್‌ಟಿ ಇರುವುದರಿಂದ ಅವರಿಗೆ ಆ ಆಸೆ ಸಹಜ, ನಿಮಗೆ ಮಾತ್ರ ಬಿಲ್ಲಿಲ್ಲದೆ ವಾರಂಟಿ ಕಷ್ಟ. *#06# ಒತ್ತಿದರೆ 15 ಅಂಕೆಯ ಐಎಂಇಐ ಕಾಣುತ್ತದೆ. ಅದು ಡಬ್ಬಿಯ ಮೇಲಿನದಕ್ಕೂ ಬಿಲ್ಲಿನದಕ್ಕೂ ತಾಳೆಯಾಗಬೇಕು. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ಫೋನಿನ ಜಾತಕ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಂತೂ ಇದನ್ನು ದುಡ್ಡು ಕೊಡುವ ಮೊದಲೇ ಮಾಡಬೇಕು. ಕದ್ದದ್ದೆಂದು ದೂರು ದಾಖಲಾದ ಫೋನು ಬ್ಲಾಕ್ ಆದರೆ ಯಾವ ಸಿಮ್ಮೂ ಅದರಲ್ಲಿ ನಡೆಯದು. ಇನ್ನು ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಎಂಟುನೂರು ರೂಪಾಯಿಗೆ ಕೇಳುತ್ತಾರೆ. ಕೊಡಬೇಡಿ. ಬ್ಯಾಂಕಿನ ಆ್ಯಪ್‌ಗಳನ್ನೆಲ್ಲ ತೆಗೆದು, ಬಿಎಸ್‌ಎನ್‌ಎಲ್ ಸಿಮ್ ಹಾಕಿ ತೋಟಕ್ಕೆ ಒಯ್ಯಲು ಇಟ್ಟುಕೊಳ್ಳಿ. ಕೆಸರಿಗೆ ಬಿದ್ದರೂ ಹೋಗುವುದು ಎಂಟುನೂರೇ.