ನೀರೊಳಗಿನ ಗವಿಯಲ್ಲಿ ಉಸಿರಿನ ಲೆಕ್ಕ

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಮಾತು ನಮ್ಮಲ್ಲಿದೆ. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಿಹಿನೀರಿನ ಆಳವಾದ ಗವಿಗೆ ಇಳಿಯುವವರಿಗೆ ಈ ಮಾತು ಸಲ್ಲದು. ಅಲ್ಲಿ ಜೀವ ಉಳಿಸುವುದು ಎದೆಗಾರಿಕೆಯಲ್ಲ, ಲೆಕ್ಕ ಮತ್ತು ಶಿಸ್ತು.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಿಂದಾಗಿ ಸ್ಕೂಬಾ ಡೈವಿಂಗ್ ಇಂದು ಕನ್ನಡಿಗರಿಗೆ ಅಪರಿಚಿತವಲ್ಲ. ಅಲ್ಲಿನದು ತೆರೆದ ಸಮುದ್ರ. ತೊಂದರೆಯಾದರೆ ಮೇಲಕ್ಕೆ ಏರಿ ಬರಬಹುದು. ಗವಿಯಲ್ಲಿ ಹಾಗಲ್ಲ. ತಲೆಯ ಮೇಲೆ ಕಲ್ಲಿನ ಚಾವಣಿಯಿರುತ್ತದೆ. ಒಳಗೆ ಹೋದಷ್ಟೇ ದೂರ ಹಿಂದಕ್ಕೆ ಈಜಿ ಬಾಗಿಲಿಗೆ ಬಂದ ನಂತರವೇ ಮೇಲೇರಲು ಸಾಧ್ಯ. ಸಮುದ್ರದಲ್ಲಿ ಡೈವಿಂಗ್ ಕಲಿತ ಸರ್ಟಿಫಿಕೇಟ್ ಇಲ್ಲಿಗೆ ಸಾಲದು ಎನ್ನುವುದು ಇದೇ ಕಾರಣಕ್ಕೆ.

ಅಮೆರಿಕದ ಉತ್ತರ ಫ್ಲಾರಿಡಾ ಸುಣ್ಣಕಲ್ಲಿನ ಪ್ರದೇಶ. ನೆಲದಡಿಯ ನೀರು ಕಲ್ಲನ್ನು ಕರಗಿಸಿ ಗವಿಗಳನ್ನು ಕೊರೆದಿದೆ. ಸಾಂಟಾ ಫೆ ನದಿಯ ದಂಡೆಯಲ್ಲಿರುವ ಜಿನ್ನಿ ಸ್ಪ್ರಿಂಗ್ಸ್ ಅಂಥದೊಂದು ಹೆಸರಾಂತ ತಾಣ. ವರ್ಷವಿಡೀ ಸುಮಾರು 22 ಡಿಗ್ರಿ ಉಷ್ಣತೆಯ ನೀರು, ಗಾಜಿನಂತೆ ತಿಳಿ. ಹಗಲಿನ ಬೆಳಕು ಕಣ್ಣಿಗೆ ಕಾಣುವ ತನಕದ ಮುಂಭಾಗವನ್ನು ‘ಕ್ಯಾವರ್ನ್’ ಎನ್ನುತ್ತಾರೆ. ಅದರಾಚೆಗಿನ ಕತ್ತಲಿನ ಭಾಗ ‘ಕೇವ್’. ಎರಡಕ್ಕೂ ಬೇರೆ ಬೇರೆ ತರಬೇತಿ.

ತಿಳಿನೀರೇ ಇಲ್ಲಿನ ಮೊದಲ ಮೋಸ. ಗವಿಯ ತಳದಲ್ಲಿ ನುಣುಪಾದ ಹೂಳು ಕುಳಿತಿರುತ್ತದೆ. ಕಾಲಿನ ರೆಕ್ಕೆ ಒಮ್ಮೆ ಜೋರಾಗಿ ಬಡಿದರೆ ಸಾಕು, ಹೂಳೆದ್ದು ತನ್ನ ಕೈ ತನಗೇ ಕಾಣದಂತಾಗುತ್ತದೆ. ಬಾಗಿಲು ಎತ್ತ ಎಂಬುದೇ ತಿಳಿಯುವುದಿಲ್ಲ. ಇಂಥ ಗವಿಗಳ ಬಾಯಲ್ಲಿ ಮೃತ್ಯುವಿನ ಚಿತ್ರವಿರುವ ಎಚ್ಚರಿಕೆಯ ಫಲಕಗಳಿವೆ. ಸತ್ತವರಲ್ಲಿ ಡೈವಿಂಗ್ ಕಲಿಸುವ ಗುರುಗಳೂ ಇದ್ದಾರೆಂದು ಅವು ಸಾರುತ್ತವೆ.

ಈ ಸಾವುಗಳ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದವರು ಫ್ಲಾರಿಡಾದ ಗಣಿತದ ಶಾಲಾ ಶಿಕ್ಷಕ ಶೆಕ್ ಎಕ್ಸ್ಲಿ. 1979ರಲ್ಲಿ ಅವರ ಪುಸ್ತಕ ಹೊರಬಂತು. ಆ ಪರಿಶೀಲನೆಯ ತಳಹದಿಯ ಮೇಲೆ ಬೆಳೆದ ಐದು ನಿಯಮಗಳನ್ನು ಗವಿ ಡೈವಿಂಗ್ ಕಲಿಯುವವರೆಲ್ಲ ಇಂದಿಗೂ ಕಲಿಯುತ್ತಾರೆ: ತರಬೇತಿ, ದಾರ, ಗಾಳಿ, ಆಳ, ಬೆಳಕು.

ಪಡೆದ ತರಬೇತಿಯನ್ನು ಮೀರಿ ಒಂದಡಿಯೂ ಹೋಗಬಾರದು. ತೆರೆದ ನೀರಿನಿಂದಲೇ ನೈಲಾನ್ ದಾರ ಕಟ್ಟಿಕೊಂಡು ಒಳಹೋಗಬೇಕು. ಹೂಳೆದ್ದಾಗ ಕಣ್ಣಿನ ಕೆಲಸವನ್ನು ಆ ದಾರ ಹಿಡಿದ ಕೈ ಮಾಡುತ್ತದೆ. ಗವಿಯ ಕತ್ತಲಿಗೆ ಹೋಗುವವರಲ್ಲಿ ತಲಾ ಮೂರು ಟಾರ್ಚ್ ಇರಬೇಕು.

ಗಾಳಿಯದು ಮೂರು ಪಾಲಿನ ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತಿಗಿಂತ ಇದು ಬಿಗಿ. ಸಿಲಿಂಡರಿನಲ್ಲಿ 210 ಬಾರ್ ಗಾಳಿಯಿದ್ದರೆ ಹೋಗಲು 70, ಬರಲು 70, ಉಳಿದ 70 ಮುಟ್ಟದ ಠೇವಣಿ. ಮುಳ್ಳು 140ಕ್ಕೆ ಬಂತೆಂದರೆ ಎಂಥ ಸೊಗಸು ಎದುರಿಗಿದ್ದರೂ ಹಿಂದಿರುಗಲೇಬೇಕು. ಆ ಠೇವಣಿ ಯಾರಿಗೆ? ಗವಿಯ ತುದಿಯಲ್ಲಿ ಜೊತೆಗಾರನ ಗಾಳಿ ನಿಂತುಹೋದರೆ ಅವನನ್ನೂ ಉಸಿರಾಡಿಸುತ್ತಾ ಹೊರತರಲು. ಅದನ್ನು ಖರ್ಚು ಮಾಡಿಕೊಂಡವನು ಇನ್ನೊಬ್ಬನ ಜೀವದ ಪಾಲನ್ನು ಕಳೆದಂತೆ.

ಆಳವೂ ಈ ಲೆಕ್ಕವನ್ನು ಬದಲಿಸುತ್ತದೆ. ಸುಮಾರು 30 ಮೀಟರ್ ಕೆಳಗೆ ಒತ್ತಡ ನೀರಿನ ಮೇಲಿದ್ದುದರ ನಾಲ್ಕು ಪಟ್ಟು. ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ. ಇನ್ನೂ ಆಳಕ್ಕಿಳಿದರೆ ಗಾಳಿಯಲ್ಲಿರುವ ನೈಟ್ರೋಜನ್ ಅಮಲಿನಂತೆ ತಲೆಗೇರಿ ಬುದ್ಧಿ ಮಂಕಾಗುತ್ತದೆ. ಆಳ ಎಂಥವರನ್ನೂ ಬಿಡುವುದಿಲ್ಲ. 1994ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಝಕಾಟಾನ್ ಎಂಬ ಸಿಹಿನೀರಿನ ಕೂಪದಲ್ಲಿ ದಾಖಲೆಯ ಆಳಕ್ಕೆ ಇಳಿಯುವಾಗ ಸ್ವತಃ ಎಕ್ಸ್ಲಿ ಮೃತಪಟ್ಟರು. ಆಗ ಅವರಿಗೆ 45 ವರ್ಷ.

ಜಿನ್ನಿ ಸ್ಪ್ರಿಂಗ್ಸ್‌ನ ಎರಡು ಕ್ರಮಗಳು ಗಮನಾರ್ಹ. ಅಲ್ಲಿನ ಕ್ಯಾವರ್ನಿನ ಹಿಂಭಾಗದಲ್ಲಿ ಮುಂದಿನ ಗವಿಗೆ ಯಾರೂ ನುಗ್ಗದಂತೆ ಲೋಹದ ಸರಳುಗಳನ್ನು ಹಾಕಿದ್ದಾರೆ. ಪಕ್ಕದ ‘ಡೆವಿಲ್ಸ್’ ಬುಗ್ಗೆಗಳಲ್ಲಿ ಗವಿ ತರಬೇತಿ ಇಲ್ಲದವರು ಟಾರ್ಚ್ ಒಯ್ಯುವುದಕ್ಕೇ ನಿಷೇಧವಿದೆ. ಕೈಯಲ್ಲಿ ಬೆಳಕಿಲ್ಲದಿದ್ದರೆ ಕತ್ತಲಿಗೆ ಹೋಗುವ ಆಸೆಯೂ ಹುಟ್ಟುವುದಿಲ್ಲ ಎಂಬುದು ಇದರ ತಾತ್ಪರ್ಯ.

ಸಂಘ-ಸಂಸ್ಥೆಗಳ ಪ್ರವಾಸದಲ್ಲಾಗಲಿ, ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋದಾಗಲಾಗಲಿ ಇಂಥ ತಾಣಗಳು ಎದುರಾಗಬಹುದು. ಯುವಕರು ಇಳಿಯುತ್ತೇವೆಂದರೆ ಬೇಡವೆಂದು ಗದರುವ ಅಗತ್ಯವಿಲ್ಲ. ಗವಿಯ ತರಬೇತಿ ಆಗಿದೆಯೇ, ದಾರ ಯಾರ ಬಳಿಯಿದೆ, ಎಷ್ಟು ಗಾಳಿಗೆ ತಿರುಗುವಿರಿ ಎಂದು ಕೇಳಿದರೆ ಸಾಕು. ಥಟ್ಟನೆ ಉತ್ತರ ಬರದಿದ್ದರೆ ಅಂದು ದಡದಲ್ಲೇ ಕೂರಿಸುವುದು ಲೇಸು. ಯಾರು ಬೇಕಾದರೂ, ಯಾವ ಕ್ಷಣದಲ್ಲಾದರೂ, ಕಾರಣ ಹೇಳದೆಯೇ ‘ಸಾಕು, ಹಿಂದಿರುಗೋಣ’ ಎಂದು ಸನ್ನೆ ಮಾಡಬಹುದು. ಉಳಿದವರು ಪ್ರಶ್ನಿಸದೆ ತಿರುಗಬೇಕು ಎಂಬುದು ಗವಿ ಡೈವಿಂಗ್‌ನವರ ಕಟ್ಟಳೆ. ನೀರಿಗಿಳಿಯುವ ಮೊದಲೇ ಈ ಮಾತನ್ನು ತಂಡದವರೆಲ್ಲ ಒಪ್ಪಿಕೊಂಡಿರಬೇಕು.