ಕವಲಿನ ನವೀಕರಣ ಮತ್ತು ದಾಖಲೆಯ ಪ್ರಾಮಾಣ್ಯ

ಲಿನಕ್ಸ್ ಕರ್ನೆಲ್ಲಿನ ರಚನಾಕಾರ್ಯಕ್ಕೆಂದು ಲಿನಸ್ ಟೋರ್ವಾಲ್ಡ್ಸ್ ಅವರು 2005ನೆಯ ಇಸವಿಯಲ್ಲಿ ಗಿಟ್ ಎಂಬ ವ್ಯವಸ್ಥೆಯನ್ನು ನಿರ್ಮಿಸಿದರು. ಅದುವರೆಗೆ ಬಳಕೆಯಲ್ಲಿದ್ದ ಬಿಟ್‌ಕೀಪರ್ ತಂತ್ರಾಂಶದ ಉಚಿತ ಪರವಾನಗಿ ನಿಂತುಹೋದುದೇ ಇದಕ್ಕೆ ಕಾರಣ. ಅನೇಕರು ಏಕಕಾಲದಲ್ಲಿ ತಿದ್ದುವ ಬರಹದಲ್ಲಿ ಯಾರು, ಎಂದು, ಏನನ್ನು ತಿದ್ದಿದರೆಂಬುದನ್ನು ದಾಖಲಿಸುವುದು ಗಿಟ್‌ನ ಕಾರ್ಯ. ಆದುದರಿಂದ ದಾಖಲೆಗಳ ಪರೀಕ್ಷೆಯೇ ವೃತ್ತಿಯಾದ ನಮಗೂ ಇದರ ವಿಚಾರ ಅಪ್ರಸ್ತುತವಲ್ಲ.

ಕೆಲಸದ ಒಂದೊಂದು ಹಂತದ ದಾಖಲೆಗೆ ಕಮಿಟ್ ಎಂದು ಹೆಸರು. ಬರಹ, ಕರ್ತೃ, ಕಾಲ ಮತ್ತು ಹಿಂದಿನ ಕಮಿಟ್‌ನ ಗುರುತು ಇವುಗಳಿಂದ ಗಣಿಸಿದ, ಸಾಮಾನ್ಯವಾಗಿ 40 ಅಕ್ಷರಗಳ, ಒಂದು ಗುರುತು ಪ್ರತಿ ಕಮಿಟ್‌ಗೂ ಉಂಟು. ಪೂರ್ವಜವು ಬದಲಾದರೆ ಸಂತತಿಯ ಗುರುತೂ ಬದಲಾಗುವುದು.

ಮುಖ್ಯ ಶಾಖೆಯಿಂದ ಕವಲೊಡೆದು ಒಬ್ಬನು ಕೆಲಸ ಮಾಡುತ್ತಿರುವಾಗ ಮುಖ್ಯ ಶಾಖೆಯೂ ಬೆಳೆಯುತ್ತಿರುತ್ತದೆ. ಅಂತರವು ಹೆಚ್ಚಿದಷ್ಟೂ ಒಂದೇ ಸಾಲನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಿರುವ ಸಂಭವ ಹೆಚ್ಚು. ಕವಲನ್ನು ಸರಿಹೊಂದಿಸಲು ಎರಡು ಮಾರ್ಗಗಳಿವೆ.

ಮೊದಲನೆಯದು ಮರ್ಜ್. ಎರಡು ಪೂರ್ವಜಗಳುಳ್ಳ ಹೊಸದೊಂದು ಕಮಿಟ್ ಹುಟ್ಟಿ ಎರಡು ಧಾರೆಗಳನ್ನೂ ಕೂಡಿಸುತ್ತದೆ. ಹಳೆಯದು ಯಾವುದೂ ಅಳಿಯುವುದಿಲ್ಲ. ಎರಡನೆಯದು ರೀಬೇಸ್. ಕವಲಿನ ತಿದ್ದುಪಡಿಗಳನ್ನು ಮುಖ್ಯ ಶಾಖೆಯ ಇಂದಿನ ತುದಿಯ ಮೇಲೆ ಒಂದೊಂದಾಗಿ ಮತ್ತೆ ರಚಿಸಲಾಗುತ್ತದೆ. ಓದುವವರಿಗೆ ನೇರವಾದ, ಸುಲಭವಾದ ಕಥನ ದೊರೆಯುತ್ತದೆ, ನಿಜ. ಆದರೆ ಅವು ಹೊಸ ಗುರುತುಗಳುಳ್ಳ ಹೊಸ ಕಮಿಟ್‌ಗಳು. ಹಿಂದೆ ಪರೀಕ್ಷಿಸಿದ್ದುದು ಅವುಗಳನ್ನಲ್ಲ. ಹಳೆಯವು ಕರ್ತೃವಿನ ಗಣಕದಲ್ಲಿ ಸಾಮಾನ್ಯವಾಗಿ 30 ದಿನಗಳವರೆಗೆ ಮರಳಿ ದೊರೆಯುವುವು; ಬಳಿಕ ಅಳಿದುಹೋಗಬಹುದು. ಅವುಗಳ ಆಧಾರದ ಮೇಲೆ ಅಷ್ಟರಲ್ಲಿಯೇ ಕೆಲಸವನ್ನು ಮುಂದುವರಿಸಿದ್ದ ಸಹೋದ್ಯೋಗಿಯ ಬುಡವೇ ತಪ್ಪುವುದು.

ತಾಮ್ರಶಾಸನದ ಮರುಪ್ರತಿಯನ್ನು ಮೂಲವೆಂದು ಗ್ರಹಿಸಿದರೆ ಕಾಲನಿರ್ಣಯವು ಕೆಡುವುದನ್ನು ನಾವು ಬಲ್ಲೆವು. ರೀಬೇಸ್ ಮಾಡಿದ ಕವಲೂ ಒಂದು ಮರುಪ್ರತಿಯೇ. ಅದರಲ್ಲಿ ಕರ್ತೃವು ಮೊದಲು ಬರೆದ ದಿನಾಂಕವೂ, ಮತ್ತೆ ದಾಖಲಿಸಿದ ದಿನಾಂಕವೂ ಪ್ರತ್ಯೇಕವಾಗಿ ಉಳಿಯುತ್ತವೆ. ಸೂಕ್ಷ್ಮವಾಗಿ ನೋಡುವವನಿಗೆ ಈ ವ್ಯತ್ಯಾಸವೇ ಸಾಕ್ಷಿ.

ಇನ್ನೊಬ್ಬರ ಕೈಸೇರದ ಕರಡನ್ನು ರೀಬೇಸ್ ಮಾಡುವುದರಲ್ಲಿ ದೋಷವಿಲ್ಲ. ಬರೆದವನು ತನ್ನ ಹಸ್ತಪ್ರತಿಯನ್ನು ತಿದ್ದಿಕೊಳ್ಳುವನಷ್ಟೆ. ಹಂಚಿಕೊಂಡ ಕವಲಿಗಾದರೋ ಮರ್ಜ್ ಮಾರ್ಗವೇ ಯುಕ್ತ. ಹಾಗೆಂದು ಪದೇಪದೇ ಮರ್ಜ್ ಮಾಡುವುದೂ ಸಲ್ಲದು. ಪ್ರತಿ ಮರ್ಜ್‌ನ ಕಾರಣವನ್ನು ಬರೆದಿಡಬೇಕೆಂದು ಕರ್ನೆಲ್ಲಿನ ಮಾರ್ಗದರ್ಶಿಯು ವಿಧಿಸುತ್ತದೆ. ಕಾರಣವನ್ನು ಹೇಳದ ದಾಖಲೆಯು ಮುಂದಿನವರಿಗೆ ಎಷ್ಟು ತೊಡಕನ್ನು ತರುವುದೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.